ಎಷ್ಟು ನುಂಗಿದರೆ ಸೋಂಕು?

ಕ್ರಿಪ್ಟೋಸ್ಪೊರಿಡಿಯಂ ಕರುಳಿನ ಗೋಡೆಯಲ್ಲಿ ಬೆಳೆಯುವ ಏಕಕೋಶ ಪರಾವಲಂಬಿ. ಸೋಂಕು ತಗುಲಿದ ದನಕರು ಮತ್ತು ಮನುಷ್ಯರ ಮಲದಲ್ಲಿ ಹೊರಬೀಳುವ ಅದರ ಗಟ್ಟಿ ಕವಚದ ಕಣಗಳಿಗೆ ಊಸಿಸ್ಟ್ ಎಂದು ಹೆಸರು. ಅಗಲ 4ರಿಂದ 6 ಮೈಕ್ರಾನ್. ಕುಡಿಯುವ ನೀರಿಗೆ ಹಾಕುವ ಕ್ಲೋರಿನ್‌ಗೆ ಅವು ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಶುದ್ಧೀಕರಣ ಘಟಕವನ್ನೂ ದಾಟಿ ಬಂದ ಈ ಜೀವಿಯಿಂದ ಅಂದಾಜು 4,03,000 ಮಂದಿ ಭೇದಿಗೆ ಸಿಕ್ಕಿದರು.

ಎಷ್ಟು ಕಣ ಹೊಟ್ಟೆ ಸೇರಿದರೆ ಸೋಂಕು ತಗಲುತ್ತದೆ ಎಂಬುದನ್ನು ಮನುಷ್ಯರಲ್ಲೇ ಅಳೆದದ್ದು ಹ್ಯೂಸ್ಟನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಹರ್ಬರ್ಟ್ ಡ್ಯೂಪಾಂಟ್ ತಂಡ. ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಅದಕ್ಕೂ ನಾಲ್ಕು ದಶಕ ಹಿಂದೆ ಜಿಯಾರ್ಡಿಯಾ ಎಂಬ ಇನ್ನೊಂದು ಪರಾವಲಂಬಿಯನ್ನು ಇದೇ ರೀತಿ ಅಳೆದಾಗ ನುಂಗಿದವರು ಜೈಲಿನ ಕೈದಿಗಳು. ಹ್ಯೂಸ್ಟನ್‌ನಲ್ಲಿ ನುಂಗಿದವರು 29 ಸ್ವಯಂಸೇವಕರು. ಆಗ ಈ ರೋಗಕ್ಕೆ ನೆಚ್ಚಬಹುದಾದ ಔಷಧವಿರಲಿಲ್ಲ. ಹಾಗಾಗಿ ತಾನಾಗಿಯೇ ಗುಣವಾಗಬಲ್ಲ ಆರೋಗ್ಯವಂತರನ್ನೇ ಆರಿಸಲಾಯಿತು. ಅವರ ರಕ್ತದಲ್ಲಿ ಹಿಂದಿನ ಸೋಂಕಿನ ಪ್ರತಿಕಾಯಗಳೂ ಇರಲಿಲ್ಲ. ಕರುವಿನಿಂದ ಪಡೆದ 'ಐಯೋವಾ' ತಳಿಯ ಊಸಿಸ್ಟ್‌ಗಳನ್ನು 30ರಿಂದ 10 ಲಕ್ಷದವರೆಗಿನ ಬೇರೆಬೇರೆ ಪ್ರಮಾಣಗಳಲ್ಲಿ, ಒಬ್ಬೊಬ್ಬರಿಗೆ ಒಂದೇ ಬಾರಿ ಕೊಡಲಾಯಿತು. ಆಮೇಲಿನದು ದಿನದಿನವೂ ಮಲ ಸಂಗ್ರಹಿಸಿ ಸೂಕ್ಷ್ಮದರ್ಶಕದಡಿ ಹುಡುಕುವ ಬೇಸರದ ಕೆಲಸ. ಊಸಿಸ್ಟ್ ಹೊರಬಂದರೆ ಸೋಂಕು ಎಂದೇ ಲೆಕ್ಕ, ಭೇದಿಯಾಗಲಿ ಬಿಡಲಿ.

ಮೂವತ್ತು ಕಣ ನುಂಗಿದ ಐವರಲ್ಲಿ ಒಬ್ಬರಿಗೆ ಸೋಂಕು ತಗುಲಿತು. ಸಾವಿರ ಅಥವಾ ಅದಕ್ಕಿಂತ ಹೆಚ್ಚು ನುಂಗಿದ ಏಳು ಮಂದಿಯಲ್ಲಿ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಒಟ್ಟು 18 ಮಂದಿಗೆ ಸೋಂಕಾದರೂ ರೋಗವೇ ಬಂದದ್ದು ಏಳು ಮಂದಿಗೆ. ಅರ್ಧದಷ್ಟು ಜನರಿಗೆ ಸೋಂಕು ತಗುಲಿಸುವ ಪ್ರಮಾಣ 132 ಎಂದು ತಂಡ ಲೆಕ್ಕ ಹಾಕಿತು. 132 ಕಣವನ್ನು ಯಾರೂ ನುಂಗಿರಲಿಲ್ಲ. ಅದು ಬೇರೆ ಪ್ರಮಾಣಗಳ ಫಲಿತಾಂಶವನ್ನು ಒಂದು ಗೆರೆಗೆ ಕೂರಿಸಿ ಹೊರಗೆಳೆದ ಅಂಕಿ. ಆದರೂ ನೀರಿನ ಅಪಾಯವನ್ನು ಲೆಕ್ಕ ಹಾಕುವವರಿಗೆ ಸಿಕ್ಕ ಮೊದಲ ಗಟ್ಟಿ ಆಧಾರ ಅದೇ.

ಒಂದೇ ಅಂಕಿ ಎಲ್ಲದಕ್ಕೂ ಸಾಲದು ಎಂಬುದು 1999ರ ಹೊತ್ತಿಗೆ ಗೊತ್ತಾಯಿತು. ಮೂರು ತಳಿಗಳನ್ನು ಹೋಲಿಸಿದಾಗ ಅರ್ಧದಷ್ಟು ಜನರಿಗೆ ಸೋಂಕು ತಗುಲಿಸಲು ಒಂದಕ್ಕೆ 9 ಕಣ ಸಾಕಾಯಿತು, ಐಯೋವಾಗೆ ಈ ಲೆಕ್ಕದಲ್ಲಿ 87, ಇನ್ನೊಂದಕ್ಕೆ 1,042 ಬೇಕಾಯಿತು. ಮೊದಲೇ ಪ್ರತಿಕಾಯವಿದ್ದವರಲ್ಲಿ ಐಯೋವಾ ತಳಿಯ ಪ್ರಮಾಣ 1,880ಕ್ಕೇರಿತು.

ಈ ಅಂಕಿಗಳೆಲ್ಲ ಗಟ್ಟಿಮುಟ್ಟಾದ ವಯಸ್ಕರವು. ರೋಗ ಹೆಚ್ಚು ಕಾಡುವುದು ಎಳೆಯ ಮಕ್ಕಳನ್ನು ಮತ್ತು ಎಚ್‌ಐವಿ ಮುಂತಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದಿದವರನ್ನು. ಅವರಿಗೆ ನುಂಗಿಸಿ ನೋಡುವಂತಿಲ್ಲ, ನೋಡಲೂಬಾರದು. ಅಂಥವರಿರುವ ಮನೆಗಳಲ್ಲಿ ಶಂಕೆಯ ನೀರನ್ನು ಒಂದು ನಿಮಿಷ ಕೊತಕೊತ ಕುದಿಸಿ ಕುಡಿಯಬೇಕು. ಕ್ಲೋರಿನ್‌ಗೆ ಜಗ್ಗದ ಊಸಿಸ್ಟ್ ಕುದಿಗೆ ಸಾಯುತ್ತದೆ.