ಗೋಡೆಯ ಮೇಲೆ ನಿಂತ ಮೇಳ

ದುದ್ದದ ಆಸುಪಾಸಿನ ಕೋರವಂಗಲದಲ್ಲಿ ಬೂಚೇಶ್ವರ ಗುಡಿ ಇದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನಿಗೆ ಪಟ್ಟವಾದ ಸಂಭ್ರಮಕ್ಕೆಂದು ಅವನ ಅಧಿಕಾರಿ ಬೂಚಿ 1173ರಲ್ಲಿ ಕಟ್ಟಿಸಿದ್ದು. ಅಲ್ಲಿಂದ ಹಳೇಬೀಡು, ಬೇಲೂರು, ದೊಡ್ಡಗದ್ದವಳ್ಳಿ, ಮೊಸಳೆ ಎಂದು ಯಾವ ಕಡೆಗೆ ಹೊರಟರೂ ಹೊಯ್ಸಳರ ಗುಡಿ ಸಿಗುತ್ತದೆ, ಗುಡಿಯ ಗೋಡೆಯಲ್ಲಿ ಕುಣಿಯುವವರೂ ಮದ್ದಳೆಯವರೂ ಸಿಗುತ್ತಾರೆ. ಹಾಸನ ಸೀಮೆಯವರ ಕಣ್ಣಿಗೆ ಇದು ಎಷ್ಟು ಒಗ್ಗಿಹೋಗಿದೆಯೆಂದರೆ, ಹಳೆಯ ಕಾಲದ ನಾಟ್ಯ ಎಂದಕೂಡಲೇ ಬಳಪದ ಕಲ್ಲಿನ ಬೂದುಬಣ್ಣವೇ ಮನಸ್ಸಿಗೆ ಬರುತ್ತದೆ. ಆದರೆ ಕಲ್ಲು ಕುಣಿಯುವವಳನ್ನು ಒಂಟಿ ಮಾಡುತ್ತದೆ. ಬೇಲೂರಿನ ಮದನಿಕೆ ಸೂರಿನ ಕೆಳಗೆ ತನ್ನದೇ ಚೌಕಟ್ಟಿನಲ್ಲಿ ನಿಲ್ಲುತ್ತಾಳೆ. ಅವಳಿಗೆ ತಾಳ ಕೊಡುವವರು ಅವಳ ಕಾಲಬುಡದಲ್ಲಿ ಗೇಣುದ್ದದ ಬೊಂಬೆಗಳಾಗಿ ಕುಗ್ಗಿರುತ್ತಾರೆ. ಹಾಡುವವರು, ನುಡಿಸುವವರು, ನೋಡುವವರು, ನೋಡದೆ ಬೇರೇನನ್ನೋ ಯೋಚಿಸುತ್ತ ಕೂತವರು ಎಲ್ಲರೂ ಆಳೆತ್ತರಕ್ಕೆ ತಕ್ಕ ಅಳತೆಯಲ್ಲಿ, ಮೈಬಣ್ಣದೊಂದಿಗೆ, ಒಂದೇ ಕೋಣೆಯಲ್ಲಿ ಸೇರಿದ ಕುಣಿತವನ್ನು ನೋಡಬೇಕೆಂದರೆ ಬೂಚೇಶ್ವರಕ್ಕಿಂತ ಏಳು ಶತಮಾನ ಹಿಂದಕ್ಕೆ, ಅಜಂತಾದ ಬೌದ್ಧ ಗುಹೆಗಳ ಗೋಡೆಗೆ ಹೋಗಬೇಕು. ಆ ಚಿತ್ರಗಳನ್ನು ಬರೀ ಚೆಲುವಿಗಾಗಿ ನೋಡಿ ಬರುವುದು ಅವುಗಳಿಗೆ ಮಾಡುವ ಅರ್ಧ ನ್ಯಾಯ. ನಮ್ಮ ಸಂಗೀತಕ್ಕೂ ನಾಟ್ಯಕ್ಕೂ ಅವು ಸಾಕ್ಷಿಗಳು. ಯಾವುದೇ ಸಾಕ್ಷಿಯಂತೆ ಅವನ್ನೂ ಪಾಟಿಸವಾಲಿಗೆ ಒಡ್ಡಬೇಕು.

ವಾಘೋರಾ ಹೊಳೆ ಕುದುರೆಲಾಳದಂತೆ ಬಾಗುವ ಕಡೆ ಕಪ್ಪುಬಂಡೆಯನ್ನು ಕೊರೆದು ಮಾಡಿದ ಸುಮಾರು 30 ಗುಹೆಗಳಲ್ಲಿ ಹೆಚ್ಚಿನವು ಐದನೆಯ ಶತಮಾನದ ಕೊನೆಯ ಭಾಗದವು, ವಾಕಾಟಕ ದೊರೆ ಹರಿಷೇಣನ ಕಾಲದವು. ಇತಿಹಾಸ ಇಷ್ಟು ಸಾಕು, ಏಕೆಂದರೆ ನೋಡಬೇಕಾದದ್ದು ಒಂದನೆಯ ಗುಹೆಯ ಗೋಡೆಯ ಮೇಲಿದೆ. ಅಲ್ಲಿ ಬುದ್ಧನ ಹಿಂದಿನ ಜನ್ಮಗಳ ಕಥೆಗಳಲ್ಲಿ ಒಂದಾದ ಮಹಾಜನಕ ಜಾತಕ. ಮಿಥಿಲೆಯ ರಾಜ ಮಹಾಜನಕ ಎಲ್ಲವನ್ನೂ ಬಿಟ್ಟು ಹೊರಡುವ ಮನಸ್ಸು ಮಾಡಿದ್ದಾನೆ. ರಾಣಿ ಸೀವಲಿ ಪಕ್ಕದಲ್ಲಿ ಒರಗಿ ಕೂತಿದ್ದಾಳೆ. ಅವನನ್ನು ಹಿಡಿದು ನಿಲ್ಲಿಸಲೆಂದು ಅರಮನೆಯಲ್ಲಿ ಕುಣಿತ ನಡೆದಿದೆ. ಕುಣಿಯುವವಳು ಉದ್ದ ತೋಳಿನ ಮೇಲಂಗಿ ತೊಟ್ಟಿದ್ದಾಳೆ. ಕೊರಳು ಒಂದು ಕಡೆಗೆ, ಸೊಂಟ ಇನ್ನೊಂದು ಕಡೆಗೆ ವಾಲಿದೆ. ಸುತ್ತ ಕೂಡಿದ ಮೇಳವೆಲ್ಲ ಹೆಂಗಸರದೇ. ಕೊಳಲನ್ನು ತುಟಿಗೆ ಅಡ್ಡ ಹಿಡಿದವರಿದ್ದಾರೆ, ತಾಳ ತಟ್ಟುವವರಿದ್ದಾರೆ, ಚರ್ಮವಾದ್ಯ ಬಾರಿಸುವವರಿದ್ದಾರೆ. ನುಡಿಸುವವರ ಕಣ್ಣು ಕುಣಿಯುವವಳ ಮೇಲೆ. ಲಯ ಯಾರಿಂದ ಯಾರಿಗೆ ಹೋಗುತ್ತಿದೆ ಎಂಬುದನ್ನು ಚಿತ್ರಕಾರ ನೋಟದಲ್ಲೇ ಕಟ್ಟಿಬಿಟ್ಟಿದ್ದಾನೆ. ಕುಣಿತ ಯಾರಿಗಾಗಿ ನಡೆದಿದೆಯೋ ಆ ರಾಜನ ಮನಸ್ಸು ಮಾತ್ರ ಆಗಲೇ ಊರು ಬಿಟ್ಟಿದೆ. ಅದೇ ಗೋಡೆಯಲ್ಲಿ ಸ್ವಲ್ಪ ಮುಂದೆ ಅವನು ಕುದುರೆ ಏರಿ ಹೊರಟೇಬಿಟ್ಟಿದ್ದಾನೆ. ಹದಿನೇಳನೆಯ ಗುಹೆಯ ಮೊಗಸಾಲೆಯಲ್ಲಿ ಇಂದ್ರ ತನ್ನ ಗಂಧರ್ವರ ಮೇಳದೊಂದಿಗೆ ಮೋಡಗಳ ನಡುವೆ ಇಳಿದು ಬರುವ ಚಿತ್ರವೂ ಇದೆ. ಅಲ್ಲಿನ ಅಪ್ಸರೆಯ ಕೊರಳ ಮುತ್ತಿನ ಸರಗಳು ಎದೆಯ ಮೇಲೆ ನೆಟ್ಟಗೆ ಇಳಿದಿಲ್ಲ, ಓರೆಯಾಗಿ ತೂಗಿವೆ. ದೇಹ ಚಲಿಸುತ್ತಿದೆ ಎಂದು ಹೇಳಲು ಆ ತೂಗು ಒಂದೇ ಸಾಕಾಗಿದೆ.

ಮೊದಲ ಆಕ್ಷೇಪ ಬೌದ್ಧರ ಕಡೆಯಿಂದಲೇ ಬರುತ್ತದೆ. ಕುಣಿತ, ಹಾಡು, ವಾದ್ಯ, ನೋಟದಾಟಗಳಿಂದ ದೂರವಿರುವುದು ಭಿಕ್ಷುವಿನ ಹತ್ತು ಶೀಲಗಳಲ್ಲಿ ಒಂದು. ಹಾಗಿದ್ದ ಮೇಲೆ ಭಿಕ್ಷುಗಳು ಮಲಗಿ ಏಳುವ ವಿಹಾರದಲ್ಲಿ ನಾಟ್ಯದ ಚಿತ್ರ ಏಕೆ? ಬರೆಸಿದ ಸಿರಿವಂತರ ಷೋಕಿ ಅದು, ಧರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದುಬಿಡುವುದು ಸುಲಭ. ಗುಹೆಗಳನ್ನು ಕೊರೆಸಿದವರಲ್ಲಿ ಹರಿಷೇಣನ ಮಂತ್ರಿ ವರಾಹದೇವನಂಥವರು ಇದ್ದದ್ದು ನಿಜ, ಅವರಿಗೆ ಅರಮನೆಯ ರುಚಿ ಇದ್ದದ್ದೂ ನಿಜ. ಆದರೂ ಈ ಉತ್ತರ ಚಿತ್ರಕ್ಕೆ ಸಾಲದು. ಮಹಾಜನಕ ಬಿಟ್ಟು ಹೋದದ್ದು ಏನನ್ನು ಎಂದು ತಿಳಿಯದೆ ಅವನ ತ್ಯಾಗಕ್ಕೆ ತೂಕ ಬರುವುದಿಲ್ಲ. ಪೇಲವವಾದ ಕುಣಿತವನ್ನು ಯಾರು ಬೇಕಾದರೂ ಬಿಡಬಹುದು, ಅದರಲ್ಲೇನು ದೊಡ್ಡಸ್ತಿಕೆ? ಆದ್ದರಿಂದ ಚಿತ್ರಕಾರ ತನ್ನ ಕಾಲದ ಅತ್ಯುತ್ತಮ ಮೇಳವನ್ನೇ ಅಲ್ಲಿ ಕೂರಿಸಬೇಕಾಯಿತು. ಸಂಗೀತದ ಇತಿಹಾಸಕ್ಕೆ ಆದ ಲಾಭ ಇದರಿಂದಲೇ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಚಿತ್ರಕಾರರು ಕಣ್ಣಾರೆ ಕಂಡದ್ದನ್ನು ಬರೆಯುತ್ತಿರಲಿಲ್ಲ, ಗುರು ಕಲಿಸಿದ ಪಡಿಯಚ್ಚನ್ನು ಬರೆಯುತ್ತಿದ್ದರು. ಅರಮನೆ ಎಂದರೆ ಇಂಥ ಕಂಬ, ಕುಣಿತ ಎಂದರೆ ಇಂಥ ಭಂಗಿ, ಅಷ್ಟೇ ಎಂಬ ವಾದ. ಇದರಲ್ಲಿ ಅರ್ಧವನ್ನು ಒಪ್ಪಲೇಬೇಕು. ಕೈಗಳ ವಿಷಯದಲ್ಲಿ ಅಜಂತಾವನ್ನು ನಂಬುವುದು ಅಪಾಯ. ತಾವರೆ ಹಿಡಿದ ಬೋಧಿಸತ್ವನ ಬೆರಳಿಗೂ ಕುಣಿಯುವವಳ ಬೆರಳಿಗೂ ಒಂದೇ ಬಳುಕು, ಅದು ನಾಟ್ಯಶಾಸ್ತ್ರದ ಹಸ್ತ ಎನ್ನುವುದಕ್ಕಿಂತ ಕುಂಚದ ರೂಢಿ. ಈ ಬೆರಳುಗಳನ್ನು ನೋಡಿ ಕಳೆದುಹೋದ ಮುದ್ರೆಗಳನ್ನು ಮತ್ತೆ ಕಟ್ಟುತ್ತೇವೆ ಎನ್ನುವವರು ಸ್ವಲ್ಪ ತಾಳುವುದು ಒಳ್ಳೆಯದು. ಆದರೆ ವಾದ್ಯಗಳ ಮಾತೇ ಬೇರೆ. ಭಾರ್ಹುತ್, ಸಾಂಚಿ, ಅಮರಾವತಿಯ ಬೌದ್ಧ ಶಿಲ್ಪಗಳಲ್ಲಿ ವೀಣೆ ಎಂದರೆ ಬಿಲ್ಲಿನಂತೆ ಬಾಗಿದ, ತಂತಿಗಳನ್ನು ತೆರೆದು ಬಿಗಿದ ವಾದ್ಯ. ಗುಪ್ತರ ಸಮುದ್ರಗುಪ್ತ ತನ್ನ ಚಿನ್ನದ ನಾಣ್ಯದಲ್ಲಿ ತೊಡೆಯ ಮೇಲಿಟ್ಟು ನುಡಿಸುವುದೂ ಅದನ್ನೇ. ಅಜಂತಾದಲ್ಲಿ ಗಿಡ್ಡ ಕತ್ತಿನ, ಹೊಟ್ಟೆ ಉಬ್ಬಿದ ತಂತಿವಾದ್ಯ ಕಾಣುತ್ತದೆ. ಹೊಯ್ಸಳರ ಕಾಲಕ್ಕೆ ಬಂದರೆ ಇವೆರಡೂ ಮಾಯ. ಸರಸ್ವತಿಯ ಕೈಯಲ್ಲಿ ಇರುವುದು ಸೋರೆಬುರುಡೆ ಕಟ್ಟಿದ ಉದ್ದನೆಯ ದಂಡದ ವೀಣೆ. ಪಡಿಯಚ್ಚೇ ಎಲ್ಲವನ್ನೂ ಆಳುತ್ತಿದ್ದರೆ ಬಿಲ್ಲಿನ ವೀಣೆ ಬೇಲೂರಿನ ಗೋಡೆಯಲ್ಲೂ ಉಳಿಯಬೇಕಿತ್ತು. ಉಳಿಯಲಿಲ್ಲ, ಏಕೆಂದರೆ ಅದನ್ನು ನುಡಿಸುವವರೇ ಉಳಿದಿರಲಿಲ್ಲ. ಶಿಲ್ಪಿಯೂ ಚಿತ್ರಕಾರನೂ ದೇವತೆಗಳ ಮುಖವನ್ನು ಪರಂಪರೆಯಿಂದ ತೆಗೆದುಕೊಂಡರು, ದೇವತೆಗಳ ಕೈಯ ವಾದ್ಯವನ್ನು ಪಕ್ಕದ ಬೀದಿಯಿಂದ ತೆಗೆದುಕೊಂಡರು.

ಕನ್ನಡದವರಿಗೆ ಈ ಪಾಟಿಸವಾಲಿನಲ್ಲಿ ಒಂದು ನಷ್ಟವೂ ಇದೆ. ಒಂದನೆಯ ಗುಹೆಯಲ್ಲಿ ಪರದೇಶದವರು ರಾಜನಿಗೆ ಕಾಣಿಕೆ ಒಪ್ಪಿಸುವ ಚಿತ್ರವೊಂದಿದೆ. ಅದು ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿಗಳದು ಎಂದು ಬಹುಕಾಲ ನಂಬಲಾಗಿತ್ತು. ಪುಲಕೇಶಿ ಆಳಿದ್ದು ಏಳನೆಯ ಶತಮಾನದಲ್ಲಿ. ಗುಹೆ ಹರಿಷೇಣನ ಕಾಲದ್ದಾದರೆ ಆ ರಾಜ ಪುಲಕೇಶಿಯಾಗುವುದು ಸಾಧ್ಯವಿಲ್ಲ. ಹೆಮ್ಮೆಯ ಕಥೆ ಕೈಬಿಟ್ಟಿತೆಂದು ಬೇಸರಪಡಬೇಕಿಲ್ಲ, ಚಾಲುಕ್ಯರ ಸ್ವಂತ ಚಿತ್ರ ಬಾದಾಮಿಯಲ್ಲೇ ಇದೆ. ಮಂಗಳೇಶ 578ರಲ್ಲಿ ಪೂರೈಸಿದ ಮೂರನೆಯ ಗುಹೆ ವೈಷ್ಣವರದು, ಆದರೆ ಅದರ ಮುಂಚಾಚಿದ ಸೂರಿನ ಒಳಬಾಗಿನಲ್ಲಿ ಉಳಿದ ಚಿತ್ರದಲ್ಲಿ ಮತ್ತೆ ಅರಮನೆ, ಮತ್ತೆ ಒರಗಿ ಕೂತ ಒಡೆಯ, ಮತ್ತೆ ಕುಣಿತ. ಕಲಾ ಇತಿಹಾಸಕಾರ ಸಿ. ಶಿವರಾಮಮೂರ್ತಿ ಅದನ್ನು ಇಂದ್ರನ ಸಭೆ ಎಂದು ಓದಿದರು, ವಾದ್ಯ ನುಡಿಸುವವರೆಲ್ಲ ಹೆಂಗಸರು ಎಂಬುದನ್ನೂ ಗುರುತಿಸಿದರು. ಧರ್ಮ ಬೇರೆ, ಒಡೆಯರು ಬೇರೆ, ನಡುವೆ ಸುಮಾರು ನೂರು ವರ್ಷ. ಮೇಳ ಮಾತ್ರ ಅದೇ ರೀತಿಯದು. ಒಂದೇ ಸಾಕ್ಷಿಯ ಮಾತನ್ನು ಅನುಮಾನಿಸಬಹುದು. ಪರಸ್ಪರ ಪರಿಚಯವಿಲ್ಲದ ಇಬ್ಬರು ಒಂದೇ ಮಾತು ಹೇಳಿದರೆ ಅನುಮಾನದ ಹೊರೆ ಆಕ್ಷೇಪಿಸುವವರ ಮೇಲೆ ಬೀಳುತ್ತದೆ.

ಇಷ್ಟೆಲ್ಲ ನುಡಿಯುವ ಸಾಕ್ಷಿಯ ಮೈ ಮಾತ್ರ ಮಣ್ಣಿನದು. ಅಜಂತಾದ ಬಂಡೆಗೆ ಮೆತ್ತಿರುವುದು ಹೊಟ್ಟು, ನಾರು, ಕಲ್ಲಿನ ಪುಡಿ ಕಲಸಿದ ಮಣ್ಣು. ಅದರ ಮೇಲೆ ತೆಳ್ಳಗೆ ಸುಣ್ಣ. ಅದು ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣ. ಕೆಮ್ಮಣ್ಣು, ಹಳದಿ ಮಣ್ಣು, ಹಸಿರು ಮಣ್ಣು, ದೀಪದ ಮಸಿ. ನೀಲಿಯೊಂದು ಮಾತ್ರ ಅಫ್ಘಾನಿಸ್ತಾನದ ಕಡೆಯಿಂದ ಬಂದ ಬೆಲೆಬಾಳುವ ಕಲ್ಲು. ಹುಳ, ಬಾವಲಿ, ತೇವ ಇವೆಲ್ಲ ತಿಂದದ್ದು ಒಂದು ಪಾಲು, ಉಳಿಸುತ್ತೇವೆಂದು ಬಳಿದ ಮೆರುಗೆಣ್ಣೆ ಹಳದಿಗಟ್ಟಿ ಮುಚ್ಚಿದ್ದು ಇನ್ನೊಂದು ಪಾಲು. 1819ರಲ್ಲಿ ಹೊರಜಗತ್ತಿನ ಕಣ್ಣಿಗೆ ಬಿದ್ದ ಮೇಲೆ ನಕಲು ಮಾಡುವವರು ಬಂದರು. ರಾಬರ್ಟ್ ಗಿಲ್ 1844ರಿಂದ ವರ್ಷಗಟ್ಟಲೆ ಕೂತು ಬರೆದದ್ದರಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾದವು. ಜಾನ್ ಗ್ರಿಫಿತ್ಸ್ ಮುಂಬಯಿಯ ವಿದ್ಯಾರ್ಥಿಗಳೊಂದಿಗೆ 1872ರಿಂದ ಮಾಡಿದ ನಕಲುಗಳಲ್ಲೂ ಅನೇಕವು 1885ರಲ್ಲಿ ಅದೇ ಲಂಡನ್ನಿನಲ್ಲಿ ಇನ್ನೊಂದು ಬೆಂಕಿಗೆ ಸಿಕ್ಕವು. ಮೂರನೆಯ ಸಲ, 1909 ಮತ್ತು 1911ರ ನಡುವೆ, ಲೇಡಿ ಹೆರಿಂಗಂ ಬಂದಾಗ ಅವರ ಜೊತೆ ಕಲ್ಕತ್ತದಿಂದ ಚಿತ್ರಕಾರ ಅವನೀಂದ್ರನಾಥ ಠಾಕೂರರ ಶಿಷ್ಯರು ಬಂದರು: ನಂದಲಾಲ್ ಬೋಸ್, ಅಸಿತ್ ಹಾಲ್ದಾರ್, ಸಮರೇಂದ್ರನಾಥ ಗುಪ್ತ, ಮತ್ತು ಮೈಸೂರಿನ ಕೆ. ವೆಂಕಟಪ್ಪ.

ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ವೆಂಕಟಪ್ಪನವರನ್ನು ನಮ್ಮವರು ಊಟಿಯ ಮಂಜಿನ ನೀರುಬಣ್ಣದ ಚಿತ್ರಗಳಿಗಾಗಿ ನೆನೆಯುತ್ತಾರೆ. ಅವರು ವೀಣೆ ಶೇಷಣ್ಣನವರ ಶಿಷ್ಯರಾಗಿ ವೀಣೆ ಕಲಿತವರೂ ಹೌದು, ಕುಂಚವನ್ನು ಬದಿಗಿಟ್ಟು ತಂತಿಗೆ ದಿನಗಟ್ಟಲೆ ಕೊಟ್ಟವರು. ಅಜಂತಾದ ಗೋಡೆ ಅವರಿಗೆ ವೀಣೆಯ ಹುಚ್ಚು ಹತ್ತಿಸಿತು ಎಂದು ಹೇಳುವುದು ಕಟ್ಟುಕಥೆಯಾದೀತು. ಆದರೆ ಗೋಡೆಯ ಸಾಕ್ಷಿಯನ್ನು ಪಾಟಿಸವಾಲು ಮಾಡಲು ಎಂಥವರು ಬೇಕು ಎಂದು ಕೇಳಿದರೆ ಅವರ ಹೆಸರೇ ಮೊದಲು ನೆನಪಾಗುತ್ತದೆ. ಕಲೆಯ ಇತಿಹಾಸ ಓದಿದವರಿಗೆ ವಾದ್ಯದ ಮೆಟ್ಟಿಲು ಗೊತ್ತಿಲ್ಲ, ವಾದ್ಯ ಬಲ್ಲವರು ಗುಹೆಯ ಕತ್ತಲಲ್ಲಿ ಕತ್ತೆತ್ತಿ ಗಂಟೆಗಟ್ಟಲೆ ನಿಲ್ಲುವುದಿಲ್ಲ. ಎಡಗೈ ತಂತಿಯ ಮೇಲೆ ಎಲ್ಲಿ ಒತ್ತುತ್ತದೆ, ಕೊಳಲಿನ ಮೇಲೆ ಎಷ್ಟು ಬೆರಳು ಎದ್ದಿವೆ ಎಂಬುದನ್ನು ಎರಡೂ ಬಲ್ಲ ಕಣ್ಣು ಮಾತ್ರ ನೋಡೀತು. ಒಳ್ಳೆಯ ಕ್ಯಾಮೆರಾ ಇದೆಯಲ್ಲ ಎನ್ನಬಹುದು. ಕ್ಯಾಮೆರಾ ಅಳಿಸಿಹೋದದ್ದನ್ನೂ ಉಳಿದದ್ದನ್ನೂ ಒಂದೇ ಸಮನಾಗಿ ತೋರಿಸುತ್ತದೆ. ನಕಲು ಬರೆಯುವ ಕೈ ಪ್ರತಿಯೊಂದು ಗೆರೆಗೂ ನಿಂತು, ಇದು ಬೆರಳೋ ಬಿರುಕೋ ಎಂದು ತೀರ್ಮಾನಿಸಬೇಕಾಗುತ್ತದೆ.

ಬಾದಾಮಿಗೆ ಆ ಭಾಗ್ಯ ಅಷ್ಟಾಗಿ ಒದಗಲಿಲ್ಲ. ಮೂರನೆಯ ಗುಹೆಗೆ ಮೆಟ್ಟಿಲೇರಿ ಬಂದವರು ಶೇಷನ ಮೇಲೆ ಕೂತ ವಿಷ್ಣುವಿನ ಮುಂದೆ ಫೋಟೊ ತೆಗೆಸಿಕೊಂಡು, ಕಂಬಗಳ ಮೇಲಿನ ಜೋಡಿಗಳನ್ನು ಎಣಿಸಿ, ಕೆಳಗಿನ ಅಗಸ್ತ್ಯ ತೀರ್ಥದ ಕಡೆ ತಿರುಗುತ್ತಾರೆ. ಅವರ ತಲೆಯ ಮೇಲೆ, ಸೂರಿನ ಬಾಗಿನಲ್ಲಿ, ಕಂದಿದ ಕೆಂಪು ಮತ್ತು ಹಸಿರಿನ ತೇಪೆಗಳ ನಡುವೆ ಆ ಹೆಂಗಸರು ಇನ್ನೂ ನುಡಿಸುತ್ತ ಕೂತಿದ್ದಾರೆ.