ಒಂದು ಬೇಲ್, ಎರಡು ಬೆಲೆ: ಕನ್ಕರೆಂಟ್ ಪ್ರೋಗ್ರಾಮಿಂಗ್ ಕಲಿಯುವ ದಾರಿ

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಸೀಮೆಯಲ್ಲಿ ತಂಬಾಕು ಹರಾಜು ಎಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದಲ್ಲಿ ತಂಬಾಕು ಮಂಡಳಿ ಹರಾಜು ಆರಂಭಿಸಿದ್ದು 1984ರಲ್ಲಿ. ಮೊದಲು ಬಾಯಲ್ಲಿ ಕೂಗುತ್ತಿದ್ದ ಬೆಲೆಯನ್ನು ಖರೀದಿದಾರರು ಈಗ ಬೇಲ್ ಸಾಲಿನ ಪಕ್ಕ ನಡೆಯುತ್ತಾ ಕೈಯಲ್ಲಿರುವ ಪುಟ್ಟ ಯಂತ್ರದಲ್ಲಿ ಒತ್ತುತ್ತಾರೆ. ಕಂಪ್ಯೂಟರ್ ಓದುತ್ತಿರುವ ನಮ್ಮ ಕಡೆಯ ಹುಡುಗಿಯೊಬ್ಬಳು ಲ್ಯಾಬ್‌ನಲ್ಲಿ ಇಂಥದೇ ಒಂದು ಹರಾಜಿನ ಮಾದರಿ ಬರೆಯಲು ಕೂತಳು ಎಂದುಕೊಳ್ಳಿ. ಮಂಡಳಿಯ ಸಾಫ್ಟ್‌ವೇರ್ ಹೇಗಿದೆ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಇದು ಅವಳದೇ ಪ್ರೋಗ್ರಾಮ್.

ಒಂದು ಬೇಲ್‌ಗೆ ಸದ್ಯದ ಬೆಲೆ ಕಿಲೋಗೆ 200 ರೂಪಾಯಿ. ಒಬ್ಬ ಖರೀದಿದಾರ 205 ಒತ್ತಿದ, ಅದೇ ಗಳಿಗೆಯಲ್ಲಿ ಇನ್ನೊಬ್ಬ 210 ಒತ್ತಿದ. ಪ್ರತಿ ಖರೀದಿದಾರನಿಗೂ ಪ್ರೋಗ್ರಾಮಿನಲ್ಲಿ ಒಂದೊಂದು ಥ್ರೆಡ್ ಇದೆ, ಅಂದರೆ ಉಳಿದವುಗಳ ಜೊತೆಜೊತೆಗೇ ಓಡುವ ಕೆಲಸದ ಎಳೆ. ಎರಡೂ ಥ್ರೆಡ್‌ಗಳು ಹಳೆಯ ಬೆಲೆಯನ್ನು ಓದಿಕೊಂಡವು: 200. ನನ್ನದೇ ಹೆಚ್ಚು ಎಂದು ಎರಡೂ ತೀರ್ಮಾನಿಸಿದವು. ಮೊದಲು 210 ದಾಖಲಾಯಿತು, ಅದರ ಮೇಲೆ 205 ಬಂದು ಕೂತಿತು. ರೈತನಿಗೆ ಕಿಲೋಗೆ ಐದು ರೂಪಾಯಿ ಹೋಯಿತು. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದರೆ ಎಲ್ಲೂ ತಪ್ಪು ಕಾಣದು. ಒಬ್ಬನೇ ಖರೀದಿದಾರನನ್ನು ಇಟ್ಟುಕೊಂಡು ಪರೀಕ್ಷಿಸಿದರೆ ಸಾವಿರ ಸಲವೂ ಸರಿಯಾದ ಉತ್ತರ ಬರುತ್ತದೆ. ಇದಕ್ಕೆ ರೇಸ್ ಕಂಡಿಷನ್ ಎನ್ನುತ್ತಾರೆ: ಯಾವ ಕೆಲಸ ಮೊದಲು ಮುಗಿಯಿತು ಎಂಬುದರ ಮೇಲೆ ಉತ್ತರ ಬದಲಾಗುವ ಸ್ಥಿತಿ.

ಇದನ್ನು ನಮ್ಮ ಕಡೆ ಎಲ್ಲಿ ಕಲಿಸುತ್ತಾರೆ? ನಮ್ಮ ಸೀಮೆಯ ಕೊಪ್ಪದಿಂದ ಕಾವೇರಿ ಸೇತುವೆ ದಾಟಿದರೆ ಕುಶಾಲನಗರ. ಅಲ್ಲಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಹೊಳೆಯ ಈಚೆಗಿನ ಡಿಗ್ರಿ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ಕಡೆಯವು. ಎರಡೂ ಕಡೆ ಕನ್ಕರೆಂಟ್ ಪ್ರೋಗ್ರಾಮಿಂಗ್, ಅಂದರೆ ಒಟ್ಟೊಟ್ಟಿಗೆ ಓಡುವ ಕೆಲಸಗಳ ಪ್ರೋಗ್ರಾಮ್ ಬರೆಯುವ ವಿದ್ಯೆ, ವಿದ್ಯಾರ್ಥಿಗೆ ಎದುರಾಗುವುದು ಮುಖ್ಯವಾಗಿ ಆಪರೇಟಿಂಗ್ ಸಿಸ್ಟಮ್ಸ್ ಪತ್ರಿಕೆಯಲ್ಲಿ. ಸೆಮಾಫೋರ್, ಪ್ರೊಡ್ಯೂಸರ್ ಕನ್ಸ್ಯೂಮರ್, ಡೆಡ್‌ಲಾಕ್, ಬ್ಯಾಂಕರ್ಸ್ ಅಲ್ಗಾರಿದಮ್ ಎಲ್ಲವೂ ಕೆಲವೇ ವಾರಗಳಲ್ಲಿ ಬಂದು ಹೋಗುತ್ತವೆ. ಪರೀಕ್ಷೆಗೆ ಬ್ಯಾಂಕರ್ಸ್ ಅಲ್ಗಾರಿದಮ್‌ನ ಕೋಷ್ಟಕ ತುಂಬುವುದನ್ನು ಎಲ್ಲರೂ ಚೆನ್ನಾಗಿ ಅಭ್ಯಾಸ ಮಾಡುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಆ ಕೋಷ್ಟಕ ಬಳಸುವವರು ತೀರಾ ಅಪರೂಪ. ಎರಡು ಲಾಕ್‌ಗಳನ್ನು, ಅಂದರೆ ಒಂದು ಹೊತ್ತಿಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಬೀಗಗಳನ್ನು, ಯಾವ ಕ್ರಮದಲ್ಲಿ ಹಿಡಿಯಬೇಕು ಎಂಬ ಪ್ರಶ್ನೆ ಮಾತ್ರ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ತರಗತಿಯ ಹೊತ್ತು ಈ ಎರಡನೆಯದಕ್ಕೆ ಹೆಚ್ಚು ಸಿಗಬೇಕು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಕಲಿಯಲು ಎಲ್ಲಿಂದ ಶುರು ಮಾಡಬೇಕು? ಮೊದಲು ಪ್ರೋಗ್ರಾಮನ್ನು ಕೆಡಿಸಿ ನೋಡುವುದರಿಂದ.

ಸಿ ಭಾಷೆಯಲ್ಲಿ ಒಂದು ಎಣಿಕೆಯ ವೇರಿಯಬಲ್ ಇಡಿ, ಆರಂಭದ ಮೌಲ್ಯ ಸೊನ್ನೆ. ಎರಡು ಥ್ರೆಡ್ ಹುಟ್ಟಿಸಿ. ಪ್ರತಿ ಥ್ರೆಡ್ ಆ ಎಣಿಕೆಗೆ ಹತ್ತು ಲಕ್ಷ ಸಲ ಒಂದನ್ನು ಕೂಡಿಸಲಿ. ಕೊನೆಗೆ ಇಪ್ಪತ್ತು ಲಕ್ಷ ಬರಬೇಕು. ಬರುವುದು ಅದಕ್ಕಿಂತ ಕಡಿಮೆ, ಅದೂ ಒಂದೊಂದು ಸಲ ಒಂದೊಂದು ಸಂಖ್ಯೆ. ಕಾರಣ, ನಮಗೆ ಒಂದೇ ಸಾಲಾಗಿ ಕಾಣುವ ಈ ಕೂಡಿಕೆ ಪ್ರೊಸೆಸರ್‌ಗೆ ಮೂರು ಹೆಜ್ಜೆ: ಮೆಮೊರಿಯಿಂದ ಓದು, ಒಂದು ಕೂಡಿಸು, ವಾಪಸ್ ಬರೆ. ಎರಡು ಥ್ರೆಡ್‌ಗಳ ಹೆಜ್ಜೆಗಳು ನಡುವೆ ಕಲೆತುಹೋದಾಗ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಬರೆದುಬಿಡುತ್ತಾರೆ.

ಇಲ್ಲಿ ವಿದ್ಯಾರ್ಥಿಗಳು ಎಡವುವ ಜಾಗಗಳಿವೆ. ಕಂಪೈಲರ್‌ಗೆ ಆಪ್ಟಿಮೈಸೇಶನ್ ಹೇಳಿದ್ದರೆ ಅದು ಇಡೀ ಲೂಪನ್ನು ಒಂದೇ ಕೂಡಿಕೆಯಾಗಿ ಮಡಚಿಬಿಡಬಹುದು. ಆಗ ಉತ್ತರ ಇಪ್ಪತ್ತು ಲಕ್ಷವೇ ಬಂದು ತಪ್ಪು ಮುಚ್ಚಿಹೋಗುತ್ತದೆ. ಹಾಗಾಗಿ ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿ. ಇದೇ ಪ್ರಯೋಗವನ್ನು ಪೈಥಾನ್‌ನಲ್ಲಿ ಮಾಡಿದವರಿಗೆ ಎಷ್ಟೋ ಸಲ ಸರಿ ಉತ್ತರ ಸಿಗುತ್ತದೆ. ಪೈಥಾನ್ ಇಂಟರ್‌ಪ್ರಿಟರ್‌ನೊಳಗೆ ಒಂದು ದೊಡ್ಡ ಲಾಕ್ ಇದ್ದು, ಒಂದು ಹೊತ್ತಿಗೆ ಒಂದೇ ಥ್ರೆಡ್ ಓಡುವಂತೆ ಅದು ನೋಡಿಕೊಳ್ಳುತ್ತದೆ. ಹಾಗೆಂದು ಪೈಥಾನ್‌ನಲ್ಲಿ ರೇಸ್ ಇಲ್ಲ ಎಂದಲ್ಲ, ಕಣ್ಣಿಗೆ ಬೀಳುವುದು ಕಡಿಮೆ ಅಷ್ಟೆ. 2024ರಲ್ಲಿ ಬಂದ 3.13ನೇ ಆವೃತ್ತಿಯಲ್ಲಿ ಆ ಲಾಕ್ ಇಲ್ಲದ ಪ್ರಾಯೋಗಿಕ ರೂಪವೂ ಸಿಗುತ್ತದೆ. ಅದೃಷ್ಟದಿಂದ ಓಡುತ್ತಿದ್ದ ಹಳೆಯ ಪ್ರೋಗ್ರಾಮ್‌ಗಳ ಬಣ್ಣ ಅದರಲ್ಲಿ ಬಯಲಾಗಬಹುದು.

ತಪ್ಪು ಎಲ್ಲಿದೆ ಎಂದು ನೋಡಲು ನಡುವೆ ಪ್ರಿಂಟ್ ಸಾಲು ಸೇರಿಸುವುದು ನಮ್ಮೆಲ್ಲರ ಅಭ್ಯಾಸ. ಇಲ್ಲಿ ಅದು ನಡೆಯದು. ಪ್ರಿಂಟ್ ಮಾಡಲು ಹಿಡಿಯುವ ಸಮಯವೇ ಥ್ರೆಡ್‌ಗಳ ಓಟವನ್ನು ಬದಲಿಸಿ ತಪ್ಪನ್ನು ಮರೆಮಾಡಬಹುದು. ಅದಕ್ಕೆ ಬದಲು ಜಿಸಿಸಿ ಕಂಪೈಲರ್‌ನಲ್ಲೇ ಇರುವ ಥ್ರೆಡ್ ಸ್ಯಾನಿಟೈಜರ್ ಬಳಸಿ. ಅದರ ಆಯ್ಕೆಯನ್ನೂ ಡಿಬಗ್ ಆಯ್ಕೆಯನ್ನೂ ಸೇರಿಸಿ ಕಂಪೈಲ್ ಮಾಡಿ ಓಡಿಸಿದರೆ ಸಾಕು, ಯಾವ ಎರಡು ಸಾಲುಗಳು ಲಾಕ್ ಇಲ್ಲದೆ ಒಂದೇ ಮೆಮೊರಿಯನ್ನು ಮುಟ್ಟುತ್ತಿವೆ ಎಂದು ಸಾಲಿನ ಸಂಖ್ಯೆಯ ಸಮೇತ ಹೇಳುತ್ತದೆ. ಗೋ ಭಾಷೆಯಲ್ಲೂ ಇಂಥದೇ ಪರೀಕ್ಷಕ ಜೊತೆಗೇ ಬರುತ್ತದೆ. ಎರಡೂ ಉಚಿತ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದ ಊರಿನಲ್ಲೂ ನಡೆಯುತ್ತವೆ.

ಈಗ ಒಂದು ಲೆಕ್ಕ. ಮೇಲಿನ ಪ್ರಯೋಗದಲ್ಲಿ ಉತ್ತರ ಎಷ್ಟು ಕಡಿಮೆಯಾಗಬಹುದು? ಹತ್ತು ಲಕ್ಷಕ್ಕಿಂತ ಕೆಳಗೆ ಇಳಿಯದು ಎಂದು ಹೆಚ್ಚಿನವರು ಹೇಳುತ್ತಾರೆ. ನಿಜವಾದ ಕನಿಷ್ಠ ಉತ್ತರ 2. ಮೊದಲ ಥ್ರೆಡ್ ಸೊನ್ನೆಯನ್ನು ಓದಿ ನಿಲ್ಲಲಿ. ಎರಡನೆಯದು ತನ್ನ ಕೊನೆಯ ಒಂದನ್ನು ಬಿಟ್ಟು ಉಳಿದೆಲ್ಲ ಕೂಡಿಕೆ ಮುಗಿಸಲಿ. ಈಗ ಮೊದಲನೆಯದು ಎದ್ದು 1 ಎಂದು ಬರೆಯಲಿ, ಎರಡನೆಯದು ಆ 1 ಅನ್ನು ಓದಿಕೊಂಡು ನಿಲ್ಲಲಿ. ಮೊದಲನೆಯದು ತನ್ನ ಪಾಲಿನದನ್ನೆಲ್ಲ ಮುಗಿಸಿದ ಮೇಲೆ ಎರಡನೆಯದು ಎದ್ದು 2 ಎಂದು ಬರೆದು ಮುಗಿಸಲಿ. ಈ ಕ್ರಮ ನಿಮ್ಮ ಯಂತ್ರದಲ್ಲಿ ಎಂದೂ ಬಾರದಿರಬಹುದು, ಆದರೆ ನಿಯಮ ಅದನ್ನು ತಡೆಯುವುದಿಲ್ಲ. ಕಾಗದದ ಮೇಲೆ ಈ ಹೆಜ್ಜೆಗಳನ್ನು ಸ್ವತಃ ಬರೆದವರಿಗೆ, ಕನ್ಕರೆಂಟ್ ಪ್ರೋಗ್ರಾಮನ್ನು ಬರೀ ಓಡಿಸಿ ನೋಡಿ ಒಪ್ಪಿಕೊಳ್ಳಲಾಗದು ಎಂಬುದು ಮನದಟ್ಟಾಗುತ್ತದೆ. ನೂರು ಪುಟ ನೋಟ್ಸ್ ಬರೆದುಕೊಂಡರೂ ಆಗದ ಕೆಲಸ ಅದು.

ಪರಿಹಾರದ ಮೊದಲ ಹೆಜ್ಜೆ ಹಳೆಯದು. ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ಪ್ರವೇಶ ಎಂಬ ಪ್ರಶ್ನೆಯನ್ನು ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಲ್ಲಿ ಸ್ಪಷ್ಟವಾಗಿ ಮುಂದಿಟ್ಟರು. ಸೆಮಾಫೋರ್ ಕೂಡ ಅವರದೇ. ಹರಾಜಿನ ಪ್ರೋಗ್ರಾಮಿನಲ್ಲಿ ಓದು, ಹೋಲಿಸು, ಬರೆ ಎಂಬ ಮೂರನ್ನೂ ಮ್ಯೂಟೆಕ್ಸ್ ಎಂಬ ಒಂದು ಲಾಕ್‌ನ ಒಳಗಿಡಬೇಕು. ಬರೆಯುವ ಸಾಲಿಗೆ ಮಾತ್ರ ಲಾಕ್ ಹಾಕಿದರೆ ಏನೂ ಪ್ರಯೋಜನವಿಲ್ಲ, ಏಕೆಂದರೆ ಹಳೆಯ ಬೆಲೆಯನ್ನು ಆಗಲೇ ಓದಿ ಆಗಿರುತ್ತದೆ.

ಲಾಕ್ ಎರಡಾದಾಗ ಹೊಸ ತೊಂದರೆ ಹುಟ್ಟುತ್ತದೆ. ಬಾವಿಯ ಹತ್ತಿರ ಒಬ್ಬರ ಕೈಯಲ್ಲಿ ಹಗ್ಗ, ಇನ್ನೊಬ್ಬರ ಕೈಯಲ್ಲಿ ಬಿಂದಿಗೆ. ನೀನು ಕೊಡು, ಆಮೇಲೆ ನಾನು ಕೊಡುತ್ತೇನೆ ಎಂದು ಇಬ್ಬರೂ ನಿಂತರೆ ನೀರು ಮೇಲೆ ಬರುವುದಿಲ್ಲ. ಡೆಡ್‌ಲಾಕ್ ಎಂದರೆ ಇಷ್ಟೆ. ಒಬ್ಬ ವರ್ತಕನ ಖಾತೆಯಿಂದ ಇನ್ನೊಬ್ಬನ ಖಾತೆಗೆ ಹಣ ವರ್ಗಾಯಿಸುವ ಹೊತ್ತಿಗೇ ಆಚೆಯವನು ಈಚೆಗೆ ವರ್ಗಾಯಿಸಿದರೆ ಎರಡು ಥ್ರೆಡ್‌ಗಳು ಹೀಗೇ ಸಿಕ್ಕಿಬೀಳುತ್ತವೆ. ನಿಯಮ ಒಂದೇ ಸಾಲಿನದು: ಪ್ರತಿ ಖಾತೆಗೆ ಸಂಖ್ಯೆ ಕೊಡಿ, ಯಾವ ದಿಕ್ಕಿನ ವರ್ಗಾವಣೆಯಾದರೂ ಚಿಕ್ಕ ಸಂಖ್ಯೆಯ ಲಾಕನ್ನೇ ಮೊದಲು ಹಿಡಿಯಿರಿ.

ಪ್ರೊಡ್ಯೂಸರ್ ಕನ್ಸ್ಯೂಮರ್ ಬಗ್ಗೆ ಒಂದೇ ಮಾತು. ತೂಕದ ಥ್ರೆಡ್ ಬೇಲ್‌ಗಳನ್ನು ಸಾಲಿಗೆ ಹಾಕುತ್ತದೆ, ಹರಾಜಿನ ಥ್ರೆಡ್ ತೆಗೆಯುತ್ತದೆ. ಸಾಲು ಖಾಲಿಯಿದ್ದರೆ ಕಾಯಬೇಕು. ಕಾಯುವ ಥ್ರೆಡ್ಡನ್ನು ಎಬ್ಬಿಸುವ ಕಂಡಿಷನ್ ವೇರಿಯಬಲ್ ಬಳಸುವಾಗ ಸಾಲು ಖಾಲಿಯೇ ಎಂಬ ಪರೀಕ್ಷೆಯನ್ನು ಇಫ್‌ನಿಂದ ಬರೆಯಬೇಡಿ, ವೈಲ್‌ನಿಂದ ಬರೆಯಿರಿ. ಎಚ್ಚರವಾದ ಥ್ರೆಡ್ ಒಳಗೆ ಬರುವಷ್ಟರಲ್ಲಿ ಇನ್ನೊಂದು ಥ್ರೆಡ್ ಬೇಲ್ ಎತ್ತಿಕೊಂಡು ಹೋಗಿರಬಹುದು. ಹಾಗಾಗಿ ಎದ್ದ ಮೇಲೆ ಮತ್ತೊಮ್ಮೆ ನೋಡಲೇಬೇಕು.

ಹಲವು ಕೆಲಸಗಳು ಒಟ್ಟಿಗೆ ನಡೆಯುವ ಇನ್ನೊಂದು ಜಾಗ ರಿಯಲ್ ಟೈಮ್. ಇದನ್ನು ಬಹಳ ಮಂದಿ ವೇಗ ಎಂದು ತಿಳಿದಿದ್ದಾರೆ. ವೇಗಕ್ಕೂ ಇದಕ್ಕೂ ಸಂಬಂಧ ಕಡಿಮೆ. ಹೇಳಿದ ಗಡುವಿನೊಳಗೆ, ಪ್ರತಿ ಸಲವೂ, ಕೆಲಸ ಮುಗಿಯಬೇಕು ಎಂಬುದೇ ರಿಯಲ್ ಟೈಮ್. ತಂಬಾಕು ಹದ ಮಾಡುವ ಬ್ಯಾರನ್ ಇದಕ್ಕೆ ತಕ್ಕ ಉದಾಹರಣೆ. ಎಲೆ ಹಳದಿಯಾಗುವ ಹಂತದಲ್ಲಿ ಒಳಗಿನ ಉಷ್ಣತೆ ಸುಮಾರು 32ರಿಂದ 38 ಡಿಗ್ರಿ ಸೆಲ್ಸಿಯಸ್. ಕೊನೆಗೆ ಎಲೆಯ ದಂಟು ಒಣಗುವ ಹೊತ್ತಿಗೆ 70ರ ಆಸುಪಾಸಿಗೆ ಮುಟ್ಟುತ್ತದೆ. ಹಲವು ದಿನ, ರಾತ್ರಿಯೂ ಸೇರಿ, ಒಲೆಯನ್ನು ಕಾಯಬೇಕು. ಉಷ್ಣತೆ ಮಿಲಿಸೆಕೆಂಡಿನಲ್ಲಿ ಬದಲಾಗುವುದಿಲ್ಲ, ಆದ್ದರಿಂದ ವೇಗದ ಯಂತ್ರ ಬೇಕಿಲ್ಲ. ಆದರೆ ನಡುರಾತ್ರಿ ಒಮ್ಮೆ ಅಳತೆ ನಿಂತುಹೋದರೆ ಒಂದು ಬ್ಯಾರನ್ ಸೊಪ್ಪು ಹಾಳಾಗಬಹುದು.

ಇದಕ್ಕೊಂದು ಎಚ್ಚರಿಕೆ ಸಾಧನ ಮಾಡೋಣ. ಮೂರು ಕೆಲಸಗಳು: ಪ್ರತಿ 10 ಸೆಕೆಂಡಿಗೆ ಸೆನ್ಸರ್‌ಗಳನ್ನು ಓದುವುದು, ಅದಕ್ಕೆ ಹಿಡಿಯುವುದು 2 ಸೆಕೆಂಡ್; ಪ್ರತಿ 20 ಸೆಕೆಂಡಿಗೆ ಲೆಕ್ಕ ಹಾಕಿ ಬೇಕಿದ್ದರೆ ಗಂಟೆ ಬಾರಿಸುವುದು, 4 ಸೆಕೆಂಡ್; ಪ್ರತಿ 50 ಸೆಕೆಂಡಿಗೆ ಮೊಬೈಲ್‌ಗೆ ಸಂದೇಶ ಕಳಿಸುವುದು, 15 ಸೆಕೆಂಡ್. ಆರ್ಡುಯಿನೊ ಬೋರ್ಡಿನಲ್ಲಿ ಕಲಿತವರು ಸಾಮಾನ್ಯವಾಗಿ ಈ ಮೂರನ್ನೂ ಒಂದೇ ಲೂಪ್‌ನಲ್ಲಿ ಒಂದರ ಕೆಳಗೊಂದು ಬರೆಯುತ್ತಾರೆ. ಸಂದೇಶ ಹೋಗುವ 15 ಸೆಕೆಂಡ್ ಸೆನ್ಸರನ್ನು ಯಾರೂ ನೋಡುವುದಿಲ್ಲ, 10 ಸೆಕೆಂಡಿನ ಗಡುವು ತಪ್ಪುತ್ತದೆ. ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ಆ 15 ಎಷ್ಟಕ್ಕೆ ಬೆಳೆಯುತ್ತದೋ ಹೇಳಲಾಗದು.

ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಪ್ರತಿ ಕೆಲಸಕ್ಕೂ ಆದ್ಯತೆ ಇರುತ್ತದೆ, ಹೆಚ್ಚಿನ ಆದ್ಯತೆಯದು ಬಂದಾಗ ಕಡಿಮೆಯದು ಅರ್ಧದಲ್ಲೇ ನಿಂತು ಜಾಗ ಬಿಡುತ್ತದೆ. ಯಾವುದಕ್ಕೆ ಹೆಚ್ಚು ಆದ್ಯತೆ? ಬೇಗ ಬೇಗ ಬರುವ ಕೆಲಸಕ್ಕೆ ಎಂದು 1973ರಲ್ಲಿ ಸಂಶೋಧಕರಾದ ಲಿಯು ಮತ್ತು ಲೇಲ್ಯಾಂಡ್ ತೋರಿಸಿಕೊಟ್ಟರು. ಅವರ ಲೆಕ್ಕ ಸರಳ: ಪ್ರತಿ ಕೆಲಸ ಹಿಡಿಯುವ ಸಮಯವನ್ನು ಅದರ ಅವಧಿಯಿಂದ ಭಾಗಿಸಿ ಎಲ್ಲವನ್ನೂ ಕೂಡಿಸಿ. ಕೆಲಸಗಳು ಮೂರಿದ್ದಾಗ ಮೊತ್ತ 0.78ರೊಳಗಿದ್ದರೆ ಎಲ್ಲ ಗಡುವುಗಳೂ ಖಂಡಿತ ಉಳಿಯುತ್ತವೆ. ಕೆಲಸಗಳು ಹೆಚ್ಚಾದಂತೆ ಈ ಮಿತಿ 0.69ರ ಕಡೆಗೆ ಇಳಿಯುತ್ತದೆ. ನಮ್ಮದು 0.2, 0.2, 0.3, ಒಟ್ಟು 0.7. ಎಲ್ಲ ಕೆಲಸಗಳೂ ಒಟ್ಟಿಗೆ ಶುರುವಾಗುವ ಅತಿ ಕೆಟ್ಟ ಗಳಿಗೆಯಲ್ಲೂ ಸೆನ್ಸರ್ ಓದು 2ನೇ ಸೆಕೆಂಡಿಗೆ, ಗಂಟೆಯ ಕೆಲಸ 6ನೇ ಸೆಕೆಂಡಿಗೆ, ಸಂದೇಶ 29ನೇ ಸೆಕೆಂಡಿಗೆ ಮುಗಿಯುತ್ತದೆ. ಸಾಧನ ತಯಾರಾಗುವ ಮೊದಲೇ ಕಾಗದದ ಮೇಲೆ ಹೀಗೆ ಭರವಸೆ ಕೊಡಬಲ್ಲ ವಿದ್ಯೆ ಕಂಪ್ಯೂಟರ್ ಕೋರ್ಸಿನಲ್ಲಿ ಹೆಚ್ಚಿಲ್ಲ. ಇದನ್ನು ಎಲೆಕ್ಟಿವ್ ಎಂದು ಬದಿಗಿಡುವುದು ನನಗೆ ಬೇಸರದ ಸಂಗತಿ.

ಲಾಕ್ ಮತ್ತು ಆದ್ಯತೆ ಸೇರಿದಾಗ ಇನ್ನೊಂದು ಅಪಾಯವಿದೆ. 1997ರ ಜುಲೈ 4ರಂದು ಮಂಗಳ ಗ್ರಹಕ್ಕಿಳಿದ ನಾಸಾದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಪದೇ ಪದೇ ತಾನಾಗಿ ಮರುಚಾಲನೆಗೊಳ್ಳತೊಡಗಿತು. ಹವಾಮಾನ ದಾಖಲಿಸುವ ಕಡಿಮೆ ಆದ್ಯತೆಯ ಕೆಲಸ ಒಂದು ಲಾಕ್ ಹಿಡಿದಿತ್ತು, ಅದೇ ಲಾಕ್‌ಗೆ ಅತಿ ಮುಖ್ಯ ಕೆಲಸ ಕಾಯುತ್ತಿತ್ತು. ಅಷ್ಟರಲ್ಲಿ ಲಾಕ್‌ಗೆ ಸಂಬಂಧವೇ ಇಲ್ಲದ ಮಧ್ಯಮ ಆದ್ಯತೆಯ ಕೆಲಸ ನುಗ್ಗಿ ಪ್ರೊಸೆಸರ್ ಹಿಡಿದುಕೊಂಡಿತು. ಮುಖ್ಯ ಕೆಲಸ ಹೊತ್ತಿಗೆ ಮುಗಿಯದ್ದರಿಂದ ಕಂಪ್ಯೂಟರ್ ಮರುಚಾಲನೆಗೊಳ್ಳುತ್ತಿತ್ತು. ಪರಿಹಾರ ಗೊತ್ತಿದ್ದದ್ದೇ: ಲಾಕ್ ಹಿಡಿದವನಿಗೆ ಕಾಯುತ್ತಿರುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವುದು. ಸಂಶೋಧಕರಾದ ಶಾ, ರಾಜ್‌ಕುಮಾರ್, ಲೆಹೊಕ್ಸ್‌ಕಿ 1990ರಲ್ಲೇ ಇದನ್ನು ವಿವರವಾಗಿ ಬರೆದಿದ್ದರು. ಆ ಸೌಲಭ್ಯ ನೌಕೆಯ ಸಾಫ್ಟ್‌ವೇರ್‌ನಲ್ಲೂ ಇತ್ತು, ಚಾಲೂ ಮಾಡಿರಲಿಲ್ಲ. ಎಂಜಿನಿಯರುಗಳು ಭೂಮಿಯಿಂದಲೇ ಅದನ್ನು ಚಾಲೂ ಮಾಡಿದರು. ನಮ್ಮ ಬ್ಯಾರನ್ ಸಾಧನದಲ್ಲಿ ಮೆಮೊರಿ ಕಾರ್ಡಿಗೆ ದಾಖಲೆ ಬರೆಯುವ, ಅತಿ ಕಡಿಮೆ ಆದ್ಯತೆಯ ನಾಲ್ಕನೆಯ ಕೆಲಸ ಸೇರಿಸಿ, ಅದಕ್ಕೂ ಸೆನ್ಸರ್‌ಗೂ ಒಂದೇ ಲಾಕ್ ಕೊಟ್ಟರೆ ಇದೇ ಸಂಕಟ ನಿಮ್ಮ ಮೇಜಿನ ಮೇಲೇ ಬರಬಹುದು.

ಭೂಮಿಯ ಮೇಲೂ ಬೆಲೆ ತೆತ್ತವರಿದ್ದಾರೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ರಾಜ್ಯಗಳು ಮತ್ತು ಕೆನಡಾದಲ್ಲಿ ಸುಮಾರು ಐದು ಕೋಟಿ ಜನರಿಗೆ ಕರೆಂಟ್ ಹೋಯಿತು. ಒಹಾಯೊದ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ಕೊಡಬೇಕಿದ್ದ ಸಾಫ್ಟ್‌ವೇರ್ ಒಂದು ರೇಸ್ ಕಂಡಿಷನ್‌ನಿಂದ ಸದ್ದಿಲ್ಲದೆ ನಿಂತುಹೋಗಿದ್ದು ಕಾರಣಗಳಲ್ಲಿ ಒಂದು. ಆ ತಪ್ಪನ್ನು ವಾರಗಟ್ಟಲೆ ಹುಡುಕಬೇಕಾಯಿತು.

ಕಲಿಕೆಗೆ ಬೇಕಾದ ಸಾಮಗ್ರಿ ಈಗ ದುಬಾರಿಯಲ್ಲ. ಎರಡು ಕೋರ್‌ಗಳ ಇಎಸ್‌ಪಿ32 ಬೋರ್ಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದರ ಮೇಲೆ ಫ್ರೀಆರ್‌ಟಿಒಎಸ್ ಎಂಬ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್ ಉಚಿತವಾಗಿ ಓಡುತ್ತದೆ. ಸೆಮಾಫೋರ್ ಅಭ್ಯಾಸಕ್ಕೆ ಆಲೆನ್ ಡೌನಿಯ ‘ದಿ ಲಿಟಲ್ ಬುಕ್ ಆಫ್ ಸೆಮಾಫೋರ್ಸ್’ ಉಚಿತ ಪುಸ್ತಕ. ರಿಯಲ್ ಟೈಮ್‌ಗೆ ಖರಗ್‌ಪುರ ಐಐಟಿಯ ರಾಜೀಬ್ ಮಾಲ್ ಅವರ ಪಾಠಗಳು ಎನ್‌ಪಿಟಿಇಎಲ್ ಜಾಲತಾಣದಲ್ಲಿವೆ. ಬೋರ್ಡು ಇಲ್ಲದಿದ್ದರೆ ಲಿನಕ್ಸ್ ಇರುವ ಹಳೆಯ ಲ್ಯಾಪ್‌ಟಾಪ್ ಒಂದರಲ್ಲೇ ಅರ್ಧಕ್ಕಿಂತ ಹೆಚ್ಚು ಕಲಿಯಬಹುದು.

ನಮ್ಮ ಕಾಲೇಜುಗಳ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಆಪರೇಟಿಂಗ್ ಸಿಸ್ಟಮ್ಸ್ ಲ್ಯಾಬಿನ ಒಂದು ದಿನವನ್ನು ಸರಿಯಾದ ಪ್ರೋಗ್ರಾಮಿಗಲ್ಲದೆ ಕೆಟ್ಟ ಪ್ರೋಗ್ರಾಮಿಗೆ ಕೊಡಿ. ಲಾಕ್ ಇಲ್ಲದ ಹರಾಜನ್ನು ವಿದ್ಯಾರ್ಥಿಗಳ ಮುಂದಿಟ್ಟು, 210 ಒತ್ತಿದವನ ಬೇಲ್ 205ಕ್ಕೆ ಹೋಗುವ ಹೆಜ್ಜೆಗಳ ಕ್ರಮವನ್ನು ಅವರಿಂದಲೇ ಬರೆಸಿ, ಆ ಬರಹಕ್ಕೇ ಅಂಕ ಕೊಡಿ.