ಸಾಂದ್ರತೆಯ ಮಾನಪರಿವರ್ತನೆ: ಒಂದು ನಿದರ್ಶನ

ಸಾಂದ್ರತೆಯೆಂಬುದು ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿ ಬಂದ ಲಬ್ಧ. ಎರಡರಲ್ಲಿ ಯಾವುದರ ಮಾನ ಬದಲಾದರೂ ಅಂಕೆ ಬದಲಾಗುವುದು, ವಸ್ತು ಬದಲಾಗದು. ಒಂದು ಕಿಲೋಗ್ರಾಮಿಗೆ 2.2046 ಪೌಂಡು. ಆದುದರಿಂದ ಲೀಟರಿಗೆ 0.803 ಕಿಲೋಗ್ರಾಂ ತೂಗುವ ವಿಮಾನ ಇಂಧನವು ಲೀಟರಿಗೆ 1.77 ಪೌಂಡು ತೂಗುವುದು.

ಈ ಎರಡು ಅಂಕೆಗಳು ಪಲ್ಲಟಗೊಂಡರೆ ಒದಗುವ ಅನರ್ಥವು 1983ರ ಜುಲೈ 23ರಂದು ಕೆನಡಾದಲ್ಲಿ ಕಂಡುಬಂದಿತು. ಆ ದೇಶವು ಮೆಟ್ರಿಕ್ ಪದ್ಧತಿಗೆ ಹೊರಳುತ್ತಿದ್ದ ಕಾಲವದು. ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದರ ಇಂಧನಮಾಪಕಗಳು ಕೆಟ್ಟಿದ್ದುದರಿಂದ ಲೆಕ್ಕವನ್ನು ಕೈಯಿಂದಲೇ ಮಾಡಬೇಕಾಯಿತು. ಬೇಕಾದುದು 22,300 ಕಿಲೋಗ್ರಾಂ. ತೊಟ್ಟಿಗಳಲ್ಲಿದ್ದುದು 7,682 ಲೀಟರು. ಇದನ್ನು 1.77ರಿಂದ ಗುಣಿಸಿ, ಬಂದ 13,597 ಪೌಂಡುಗಳನ್ನು ಕಿಲೋಗ್ರಾಮುಗಳೆಂದೇ ಎಣಿಸಿ, ಸುಮಾರು 4,900 ಲೀಟರುಗಳನ್ನಷ್ಟೇ ತುಂಬಲಾಯಿತು. ವಾಸ್ತವದಲ್ಲಿದ್ದುದು 6,169 ಕಿಲೋಗ್ರಾಂ. ತುಂಬಬೇಕಾಗಿದ್ದುದು ಸುಮಾರು 20,000 ಲೀಟರು.

ಮಾರ್ಗಮಧ್ಯದಲ್ಲಿ ಇಂಧನ ತೀರಿ ಎಂಜಿನುಗಳು ಒಂದರ ಹಿಂದೊಂದು ನಿಂತುವು. ಕ್ಯಾಪ್ಟನ್ ರಾಬರ್ಟ್ ಪಿಯರ್‌ಸನ್ ವಿಮಾನವನ್ನು ಗ್ಲೈಡರಿನಂತೆ ತೇಲಿಸಿ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು; 69 ಮಂದಿಯೂ ಬದುಕಿದರು.

ಗುಣಾಕಾರದಲ್ಲಿ ದೋಷವಿರಲಿಲ್ಲ, ಅಂಕೆಯ ಪಕ್ಕದಲ್ಲಿ ಮಾನದ ಹೆಸರಿರಲಿಲ್ಲ. ಲೀಟರನ್ನು ‘ಲೀಟರಿಗೆ ಪೌಂಡಿ’ನಿಂದ ಗುಣಿಸಿದರೆ ಉಳಿಯುವುದು ಪೌಂಡೇ ಎಂಬುದು ಬರೆದೊಡನೆ ಗೋಚರವಾಗುತ್ತಿದ್ದಿತು. ಮಾನವನ್ನು ಬಿಟ್ಟ ಅಂಕೆ ಅರ್ಧಸತ್ಯವೇ ಸರಿ.